ಹಳೆ ಗುಡಿ ಬಿಡುವ ಕ್ರಮ

ಸುರಪುರ, ಶಹಾಪುರದ ಕಡೆ ಈಗ ಭತ್ತ ನಿಲ್ಲುವ ಹೊಲಗಳು ಒಂದು ಕಾಲಕ್ಕೆ ಜೋಳ, ಸಜ್ಜೆ, ತೊಗರಿ ಬಿತ್ತಿ ಮುಗಿಲು ನೋಡುತ್ತಿದ್ದವು. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣಗೊಂಡಿತು. ಎಡದಂಡೆ ಕಾಲುವೆಯಲ್ಲಿ, ಅದರ ಶಹಾಪುರ, ಮುಡಬಾಳ, ಜೇವರ್ಗಿ ಶಾಖೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಈ ಸೀಮೆಯ ಲೆಕ್ಕಾಚಾರವೇ ಬದಲಾಯಿತು. ಅಣೆಕಟ್ಟು ನಿಂತದ್ದು ಆಗಿನ ಸುರಪುರ ತಾಲ್ಲೂಕಿನಲ್ಲಿ, ಈಗಿನ ಹುಣಸಗಿ ತಾಲ್ಲೂಕಿನಲ್ಲಿ. ನೀರು ಹರಿದದ್ದು ಕೆಳಗೆ, ಮುಳುಗಿದ್ದು ಮೇಲೆ. ಹುನಗುಂದ, ಮುದ್ದೇಬಿಹಾಳ, ಲಿಂಗಸುಗೂರು ಕಡೆಯ ನದಿದಂಡೆಯ ಊರುಗಳವರು ಹೊಲ ಮನೆ ಬಿಟ್ಟು ಎದ್ದರು. ಅವರ ಜೊತೆ ಅವರ ದೇವರುಗಳೂ ಏಳಬೇಕಾಯಿತು: ಅಗಸಿಯ ಹನುಮಪ್ಪ, ದ್ಯಾಮವ್ವನ ಕಟ್ಟೆ, ಬಸವಣ್ಣನ ಗುಡಿ, ಮಸೂತಿ, ಅದರ ಮುಂದಿನ ಅಲಾಯಿ ಕುಣಿ. ಭೂಸ್ವಾಧೀನದ ಕಡತಕ್ಕೆ ಗುಡಿಯೂ ಒಂದು ಕಟ್ಟಡವೇ. ಕಲ್ಲಿಗೆ, ಗಾರೆಗೆ, ತೊಲೆಗೆ ಬೆಲೆ ಕಟ್ಟಿ ಪರಿಹಾರ ಬರೆಯುತ್ತಾರೆ, ಹೊಸ ಊರಿನ ನಕಾಶೆಯಲ್ಲಿ ಒಂದು ಚೌಕ ಗೆರೆ ಎಳೆದು ‘ದೇವಸ್ಥಾನ’ ಎಂದು ಗುರುತು ಹಾಕುತ್ತಾರೆ. ಮುಳುಗಡೆಯ ಊರುಗಳ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಕಥೆ, ಕಾದಂಬರಿ, ಹೋರಾಟದ ಬರಹಗಳಿವೆ. ಆದರೆ ಕೂಡಿ ಪ್ರಾರ್ಥಿಸುವ ಒಂದು ಮಂದಿ ತಮ್ಮ ಹಳೆಯ ಮನೆ ಬಿಟ್ಟು ಹೊಸದಕ್ಕೆ ಹೋಗುವಾಗ ನಿಜಕ್ಕೂ ಏನು ಸ್ಥಳಾಂತರವಾಗುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಪ್ರಶ್ನೆಯನ್ನು ನಾವು ಕೂತು ಯೋಚಿಸಿದ್ದು ಕಡಿಮೆ.

ಈ ಪ್ರಶ್ನೆಯನ್ನು ಕೂತು ಯೋಚಿಸಿ, ವಾದಿಸಿ, ಬರೆದಿಟ್ಟವರು ಯಹೂದಿಗಳು. ಅವರು ನಮಗಿಂತ ಹೆಚ್ಚು ದೈವಭಕ್ತರು ಎಂದಲ್ಲ. ಎರಡು ಸಾವಿರ ವರ್ಷ ಒಂದು ನೆಲದಿಂದ ಇನ್ನೊಂದಕ್ಕೆ ಏಳುತ್ತಲೇ ಇದ್ದವರಿಗೆ ಇದು ದಿನದ ಸಮಸ್ಯೆಯಾಗಿತ್ತು. ಯಾದಗಿರಿ ಜಿಲ್ಲೆಯಲ್ಲಿ ಅವರ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್, ಇಲ್ಲ. ಆದರೆ ಅವರ ಕಟ್ಟಳೆಗಳನ್ನು ನಮ್ಮ ಹೊಳೆದಂಡೆಯ ಅನುಭವದ ಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಸ್ಥಳಾಂತರ ಗೆದ್ದಿತೋ ಸೋತಿತೋ ಎಂಬುದು ಹೊಸ ಕಟ್ಟಡ ಎಷ್ಟು ಚೆನ್ನಾಗಿದೆ ಎಂಬುದರ ಮೇಲೆ ನಿಂತಿಲ್ಲ, ಹಳೆಯದನ್ನು ಯಾವ ಕ್ರಮದಲ್ಲಿ ಬಿಟ್ಟರು ಎಂಬುದರ ಮೇಲೆ ನಿಂತಿದೆ.

ಸಿನಗಾಗ್ ಎಂದರೆ ಮೂಲತಃ ಕೂಡುವ ಜಾಗ. ಸಾಂಪ್ರದಾಯಿಕ ಕಟ್ಟಳೆಯಂತೆ ಹತ್ತು ಮಂದಿ ಪ್ರಾಯದ ಗಂಡಸರು ಸೇರಿದರೆ ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ; ಮೇಲೆ ಸೂರು ಇರಲಿ, ಇಲ್ಲದಿರಲಿ. ಒಳಗೆ ಮೂರ್ತಿಯಿಲ್ಲ. ಇರುವುದು ತೋರಾ ಎಂಬ ಧರ್ಮಗ್ರಂಥದ ಸುರುಳಿ: ಚರ್ಮದ ಹಾಳೆಗಳ ಮೇಲೆ ಕೈಯಿಂದಲೇ ಬರೆದದ್ದು, ಮೂರು ಲಕ್ಷಕ್ಕೂ ಮಿಕ್ಕಿ ಅಕ್ಷರಗಳು, ಒಂದಕ್ಷರ ಅಳಿಸಿದರೂ ತಿದ್ದುವ ತನಕ ಓದಿಗೆ ನಿಷಿದ್ಧ. ಅದನ್ನು ಬಟ್ಟೆ ಸುತ್ತಿ ಜೆರುಸಲೇಮಿನ ದಿಕ್ಕಿನ ಗೋಡೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಭಾರತದಲ್ಲಿ ಆ ದಿಕ್ಕು ಪಶ್ಚಿಮ, ನಮ್ಮ ಮಸೂತಿಗಳದೇ ದಿಕ್ಕು. ಕ್ರಿಸ್ತಶಕ ಮೂರನೇ ಶತಮಾನದ ಆರಂಭದಲ್ಲಿ ಸಂಕಲನಗೊಂಡ ಮಿಶ್ನಾ ಎಂಬ ಕಟ್ಟಳೆಗಳ ಸಂಗ್ರಹ ಇವಕ್ಕೆಲ್ಲ ಒಂದು ಮೇಲು ಕೀಳಿನ ಏಣಿ ಹಾಕಿಕೊಟ್ಟಿದೆ. ಊರ ಚೌಕವನ್ನು ಮಾರಿದ ದುಡ್ಡಲ್ಲಿ ಸಿನಗಾಗ್ ಕೊಳ್ಳಬಹುದು. ಸಿನಗಾಗ್ ಮಾರಿದ ದುಡ್ಡಲ್ಲಿ ಪೆಟ್ಟಿಗೆ, ಪೆಟ್ಟಿಗೆ ಮಾರಿ ಸುತ್ತುವ ವಸ್ತ್ರ, ವಸ್ತ್ರ ಮಾರಿ ಧರ್ಮಗ್ರಂಥಗಳು, ಅವುಗಳನ್ನು ಮಾರಿ ತೋರಾ ಸುರುಳಿ. ಏಣಿ ಹತ್ತಬಹುದು, ಇಳಿಯುವಂತಿಲ್ಲ. ಗಮನಿಸಬೇಕಾದ್ದು, ಈ ಏಣಿಯಲ್ಲಿ ಕಟ್ಟಡದ ಸ್ಥಾನ ಕೆಳಗಿನಿಂದ ಎರಡನೆಯದು. ಗೋಡೆಗಿಂತ ಗೋಡೆಯ ಒಳಗಿನ ಬಟ್ಟೆಗೆ ಬೆಲೆ ಹೆಚ್ಚು.

ಹಾಗೆಂದು ಗೋಡೆಯನ್ನು ಹಗುರವಾಗಿ ಕೆಡವಬಹುದೆಂದು ಅರ್ಥವಲ್ಲ. ಮಿಶ್ನಾದ ಮೇಲಿನ ಚರ್ಚೆಗಳೇ ತಾಲ್ಮುದ್. ಹೊಸದನ್ನು ಕಟ್ಟಿ ಮುಗಿಸುವ ಮೊದಲು ಹಳೆಯ ಸಿನಗಾಗನ್ನು ಕೆಡವಬಾರದು ಎಂಬ ಕಟ್ಟಳೆ ಅಲ್ಲಿ ಬರುತ್ತದೆ. ಕಾರಣವನ್ನೂ ಅವರು ಮುಚ್ಚಿಡುವುದಿಲ್ಲ: ಕೆಡವಿದವರು ಉದಾಸೀನ ಮಾಡಿಯಾರು, ಕೊನೆಗೆ ಎರಡೂ ಇಲ್ಲವಾದೀತು. ಚರ್ಚೆ ಅಲ್ಲಿಗೂ ನಿಲ್ಲುವುದಿಲ್ಲ. ದುಡ್ಡು ಪೂರ್ತಿ ಕೂಡಿಸಿ ಇಟ್ಟಿದ್ದರೆ? ಆಗಲೂ ಬೇಡ, ಯಾರನ್ನೋ ಸೆರೆಯಿಂದ ಬಿಡಿಸಬೇಕಾದ ತುರ್ತು ಬಂದರೆ ಆ ದುಡ್ಡು ಅತ್ತ ಹೋದೀತು. ಇಟ್ಟಿಗೆ ಒಟ್ಟಿ, ತೊಲೆ ಕಡಿದು ಸಿದ್ಧವಾಗಿಟ್ಟಿದ್ದರೆ? ಅದನ್ನೂ ಮಾರಬಹುದಲ್ಲ. ಹೀಗೆ ಒಂದೊಂದೇ ನೆವವನ್ನು ಎತ್ತಿ ಎತ್ತಿ ಪಕ್ಕಕ್ಕಿಡುತ್ತಾರೆ. ಗೋಡೆ ಬಿರುಕು ಬಿಟ್ಟು ಅಪಾಯವಿದ್ದರೆ ಮಾತ್ರ ಮೊದಲೇ ಕೆಡವಬಹುದು. ಅದಕ್ಕೆ ಕೊಡುವ ನಿದರ್ಶನ ಬ್ಯಾಬಿಲೋನಿಯಾದ ಪಂಡಿತ ರವ್ ಆಶಿಯದು. ಅವನು ತನ್ನ ಊರಾದ ಮಾತಾ ಮೆಹಸ್ಯದ ಸಿನಗಾಗಿನಲ್ಲಿ ಬಿರುಕು ಕಂಡು ಅದನ್ನು ಕೆಡವಿಸಿದ. ಕೆಡವಿಸಿದವನು ತನ್ನ ಮಂಚವನ್ನು ತಂದು ಆ ಜಾಗದಲ್ಲೇ ಹಾಕಿಕೊಂಡ. ಹೊಸ ಕಟ್ಟಡದ ಸೂರಿಗೆ ನೀರು ಹೋಗುವ ದೋಣಿ ಕೂರಿಸುವ ತನಕ ಮಂಚ ತೆಗೆಯಲಿಲ್ಲ. ಸಾವಿರದಾರುನೂರು ವರ್ಷಗಳ ಹಿಂದಿನ ಈ ಪಂಡಿತ ನಮ್ಮ ಯಾವುದಾದರೊಂದು ಪುನರ್ವಸತಿ ಕಚೇರಿಗೆ ಮುಖ್ಯಸ್ಥನಾಗಿ ಬಂದಿದ್ದರೆ ಎಂದು ಕೃಷ್ಣಾ ದಂಡೆಯವರಿಗೆ ಅನ್ನಿಸದೆ ಇರದು.

ಬಿಟ್ಟುಹೋದ ಜಾಗದ ಬಗ್ಗೆಯೂ ಮಿಶ್ನಾ ಮಾತಾಡುತ್ತದೆ. ಮಾರಿದ ಸಿನಗಾಗನ್ನು ಸ್ನಾನದ ಮನೆಯನ್ನಾಗಿಯೋ ಚರ್ಮ ಹದ ಮಾಡುವ ಜಾಗವನ್ನಾಗಿಯೋ ಮಾಡಬಾರದೆಂದು ಹೆಚ್ಚಿನವರ ಅಭಿಪ್ರಾಯ. ಮಾರಿದ ಮೇಲೆ ಕೊಂಡವನ ಇಷ್ಟ ಎಂದವರೂ ಇದ್ದರು, ಅವರ ಮಾತನ್ನೂ ಅಳಿಸದೆ ಇಟ್ಟಿದ್ದಾರೆ. ಹಾಳು ಬಿದ್ದ ಸಿನಗಾಗಿನೊಳಗೆ ಹಗ್ಗ ಹೊಸೆಯಬಾರದು, ಬಲೆ ಹರಡಬಾರದು, ಮಾಳಿಗೆಯ ಮೇಲೆ ಹಣ್ಣು ಒಣಗಿಸಬಾರದು, ಅದನ್ನು ಅಡ್ಡದಾರಿಯಾಗಿ ಬಳಸಬಾರದು. ಅದರೊಳಗೆ ಹುಲ್ಲು ಬೆಳೆದರೆ ಕೀಳಬಾರದು, ನೋಡಿದವರಿಗೆ ಸಂಕಟವಾಗಲಿ ಎಂದು. ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ದೇವಾಲಯ ಮೇಲೇಳುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಅವರನ್ನು ಕೆಸರು ದಾಟಿಸಿ ಅಲ್ಲಿಗೆ ಎಳೆಯುವುದೂ ಆ ಸಂಕಟವೇ ಇರಬೇಕು. ಸಂಕಟಕ್ಕೂ ಕಟ್ಟಳೆಯಲ್ಲಿ ಒಂದು ಜಾಗ ಕೊಟ್ಟದ್ದು ಯಹೂದಿ ಪಂಡಿತರ ಜಾಣತನ.

ಇಷ್ಟೆಲ್ಲ ಬರೆದಿಟ್ಟ ಕಟ್ಟಳೆ ನೆಲದ ಮೇಲೆ ಹೇಗೆ ನಡೆಯಿತು ಎಂಬುದಕ್ಕೆ ಕರ್ನಾಟಕದ ನಂಟಿರುವ ಒಂದು ನಿದರ್ಶನ ಮುಂಬಯಿಯಲ್ಲಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ಅವರಲ್ಲಿ ಸಾಮಾಜಿ ಹಸಾಜಿ ದಿವೇಕರ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಎರಡನೇ ಮೈಸೂರು ಯುದ್ಧದಲ್ಲಿ ಹೋರಾಡಿ ಟಿಪ್ಪುವಿನ ಕೈಗೆ ಸೆರೆ ಸಿಕ್ಕ. ಅವನು ಯಾವ ಕುಲದವನೆಂದು ತಿಳಿದು ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳೆಂದು ಆ ಸಮುದಾಯದ ಹೇಳಿಕೆ. ಬದುಕಿ ಬಂದವನು ಹರಕೆ ತೀರಿಸುವಂತೆ 1796ರಲ್ಲಿ ಮುಂಬಯಿಯಲ್ಲಿ ತನ್ನವರಿಗೆ ಮೊದಲ ಸಿನಗಾಗ್ ಕಟ್ಟಿಸಿದ. ಕಟ್ಟಡವೇನೋ ನಿಂತಿತು, ಸುರುಳಿಗಾಗಿ ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲೇ ತೀರಿಕೊಂಡ ಎಂದು ಅವರ ಇತಿಹಾಸ ಹೇಳುತ್ತದೆ. 1860ರಲ್ಲಿ ಆ ಮಂದಿ ದಿವೇಕರನ ಮೂಲ ಜಾಗ ಬಿಟ್ಟು ಈಗ ಮಸೀದಿ ಬಂದರ್ ಬಳಿ ಇರುವ ಜಾಗಕ್ಕೆ ಬಂದರು. 1896ರಲ್ಲಿ ಅದಕ್ಕೆ ‘ಕರುಣೆಯ ಬಾಗಿಲು’ ಎಂಬರ್ಥದ ಶಾರ್ ಹರಹಮಿಮ್ ಎಂಬ ಹೆಸರಾಯಿತು. ಮೊದಲ ಕಟ್ಟಡವಿಲ್ಲ, ಮೊದಲ ನಿವೇಶನವಿಲ್ಲ, ಹೆಸರೂ ಮೊದಲಿನದಲ್ಲ. ಆದರೂ ಮುಂಬಯಿಯ ಅತಿ ಹಳೆಯ ಸಿನಗಾಗ್ ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತಾರೆ. ಜನಕ್ಕೂ ಅದು ‘ಜೂನಿ ಮಸೀದ್’, ಹಳೆಯ ಮಸೂತಿ. ಪಕ್ಕದ ಮಸೀದಿ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ. ಕಲ್ಲು, ನೆಲ, ಹೆಸರು ಮೂರೂ ಬದಲಾದ ಮೇಲೆ ‘ಹಳೆಯದು’ ಎಂಬ ಮಾತು ಅಂಟಿಕೊಂಡು ಉಳಿದಿರುವುದು ಬಿಡುವಿಲ್ಲದೆ ಕೂಡುತ್ತ ಬಂದ ಮಂದಿಗೆ.

ಇದರ ತಲೆಕೆಳಗಾದ ಚಿತ್ರ ಕೇರಳದಲ್ಲಿ ಸಿಗುತ್ತದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಕಡವುಂಭಾಗಂ ಎಂಬ ಸಿನಗಾಗ್ ಇತ್ತು, ಕೆತ್ತನೆಯ ಮರದ ಛಾವಣಿಗೆ ಹೆಸರಾದದ್ದು. 1950ರ ದಶಕದಲ್ಲಿ ಮಲಬಾರಿನ ಯಹೂದಿಗಳು ಹೆಚ್ಚುಕಡಿಮೆ ಇಡಿಯಾಗಿ ಇಸ್ರೇಲಿಗೆ ಹೋದರು, ಕಟ್ಟಡ ಹಿಂದೆ ಉಳಿಯಿತು. ದಶಕಗಳ ನಂತರ ಅದರ ಒಳಾಂಗಣವನ್ನು ಬಿಚ್ಚಿ ಸಾಗಿಸಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಜೋಡಿಸಿದ್ದಾರೆ. ನೋಡಲು ಬಲು ಸುಂದರ, ಒಳಗೆ ಹೋಗಲು ಟಿಕೆಟ್ ಬೇಕು. ಇಲ್ಲಿ ಕಟ್ಟಡದ ಒಳಾಂಗಣವೂ ಹೋಯಿತು, ಮಂದಿಯೂ ಹೋದರು, ಎರಡೂ ಒಂದೇ ದೇಶಕ್ಕೆ. ಆದರೆ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ವಿಳಾಸಕ್ಕೆ. ಅದೇ ಮಟ್ಟಾಂಚೇರಿಯ ಪರದೇಶಿ ಸಿನಗಾಗಿನ ಗೋಡೆಯಲ್ಲಿ 1344ರ ಇಸವಿಯ ಒಂದು ಶಾಸನದ ಕಲ್ಲಿದೆ. ಅದು ಕೊಚ್ಚಂಗಾಡಿಯ ಸಿನಗಾಗಿನದು. ಆ ಕಟ್ಟಡ ಯಾವಾಗಲೋ ಇಲ್ಲವಾಯಿತು, ಉಳಿದವರು ಒಂದೇ ಒಂದು ಕಲ್ಲನ್ನು ತಂದು ತಮ್ಮ ಗೋಡೆಗೆ ಸೇರಿಸಿಕೊಂಡರು. ಇಡೀ ಛಾವಣಿ ಮಾಡಲಾಗದ ಕೆಲಸವನ್ನು ಆ ಒಂದು ಕಲ್ಲು ಮಾಡಿತು, ಯಾಕೆಂದರೆ ಅದರ ಮುಂದೆ ದಿನವೂ ನಡೆದಾಡುವವರಿದ್ದರು.

ನಮ್ಮ ಹೊಳೆದಂಡೆಗಳಲ್ಲೂ ಇಂಥದೇ ಒಂದು ಜೋಡಿಯಿದೆ. ಕರ್ನೂಲಿಗೆ ಹತ್ತಿರದ ಆಲಂಪುರದಲ್ಲಿ ಇಂದು ಕಾಣುವ ಸಂಗಮೇಶ್ವರ ದೇವಾಲಯ ಮೊದಲು ಕೂಡವೆಲ್ಲಿಯಲ್ಲಿ, ಕೃಷ್ಣಾ ತುಂಗಭದ್ರಾ ಕೂಡುವಲ್ಲಿ ಇತ್ತು. ಶ್ರೀಶೈಲ ಜಲಾಶಯ ಆ ಸಂಗಮವನ್ನು ನುಂಗುವಾಗ ಚಾಲುಕ್ಯರ ಕಾಲದ ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ನಿಲ್ಲಿಸಿದರು. ಕುಶಲ ಕೆಲಸ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ಸಂಗಮ ಜೊತೆಗೆ ಬರಲಿಲ್ಲ. ಕನ್ನಂಬಾಡಿಯಲ್ಲಿ ನಡೆದದ್ದು ಬೇರೆ ಕ್ರಮದಲ್ಲಿ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದ ಕಾಲಕ್ಕೆ ಊರು ಎದ್ದು ಹೊಸ ಕನ್ನಂಬಾಡಿಯಾಯಿತು, ವೇಣುಗೋಪಾಲಸ್ವಾಮಿಯೂ ಊರಿನ ಜೊತೆ ಹೊಸ ಗುಡಿಗೆ ಬಂದ. ಹೊಯ್ಸಳ ಶೈಲಿಯ ಹಳೆಯ ಗುಡಿ ನೀರಿನಡಿ ಉಳಿಯಿತು. ಬರಗಾಲದಲ್ಲಿ ಅದು ಮೇಲೆದ್ದಾಗ ಜನ ನೋಡಲು ಹೋಗುತ್ತಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಖೋಡೆ ಪ್ರತಿಷ್ಠಾನ ಆ ಕಲ್ಲುಗಳನ್ನು ಎತ್ತಿ ತಂದು ದಂಡೆಯ ಮೇಲೆ ಮತ್ತೆ ಕಟ್ಟಿಸಿತು. ಅಲ್ಲಿಯವರೆಗಿನ ಸುಮಾರು ಒಂದು ನೂರು ವರ್ಷ ಆ ಊರಿನ ಆರಾಧನೆ ಹಳೆಯ ಕಲ್ಲಿಲ್ಲದೆಯೂ ನಡೆದಿತ್ತು. ಮೊದಲು ಮಂದಿ, ಅವರ ಜೊತೆಗೇ ದೇವರು, ಕಲ್ಲು ಯಾವಾಗಲಾದರೂ ಬರಲಿ: ಈ ಕ್ರಮ ತಾಳಿಕೊಂಡಿತು.

ಇಲ್ಲಿ ಒಬ್ಬ ಆಸ್ತಿಕ ಓದುಗ ತಡೆದು ಕೇಳಬಹುದು. ಸಿನಗಾಗಿಗೆ ಹೇಳಿದ್ದನ್ನು ಗುಡಿಗೆ ಹಚ್ಚುವುದು ಹೇಗೆ? ಅವರಲ್ಲಿ ಸುರುಳಿಯನ್ನು ಎತ್ತಿಕೊಂಡು ಹೋದರೆ ಮುಗಿಯಿತು. ನಮ್ಮಲ್ಲಿ ಪ್ರಾಣಪ್ರತಿಷ್ಠೆ ಎಂಬುದಿದೆ, ಕ್ಷೇತ್ರ ಎಂಬುದಿದೆ. ದೇವರು ನೆಲಕ್ಕೆ ನೆಟ್ಟವನು. ಈ ಆಕ್ಷೇಪಣೆಗೆ ಉತ್ತರ ಆಗಮಗಳಲ್ಲೇ ಇದೆ. ಗುಡಿಯ ಜೀರ್ಣೋದ್ಧಾರ ಮಾಡುವಾಗ ಮೂರ್ತಿಯ ಶಕ್ತಿಯನ್ನು ಕುಂಭಕ್ಕೆ ಸೆಳೆದು, ಬಾಲಾಲಯ ಎಂಬ ತಾತ್ಕಾಲಿಕ ಪುಟ್ಟ ಗುಡಿಯಲ್ಲಿ ಇಟ್ಟು, ಕೆಲಸ ಮುಗಿಯುವ ತನಕ ಅಲ್ಲೇ ನಿತ್ಯಪೂಜೆ ನಡೆಸುತ್ತಾರೆ. ಒಂದು ಹೊತ್ತಿನ ಪೂಜೆಯೂ ತಪ್ಪಬಾರದು ಎಂಬುದು ಅದರ ಹುರುಳು. ರವ್ ಆಶಿಯ ಮಂಚಕ್ಕೂ ಈ ಬಾಲಾಲಯಕ್ಕೂ ಭಾಷೆ ಬೇರೆ, ಕಾಳಜಿ ಒಂದೇ. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಮಸೀದಿಯಾದ ನೆಲ ಎಂದೆಂದಿಗೂ ಮಸೀದಿಯೇ ಎನ್ನುವುದು ಹನಫಿ ಪಂಥದ ಬಲವಾದ ನಿಲುವು. ಖಲೀಫ ಉಮರ್ ಕೂಫಾದ ಮಸೀದಿಯನ್ನು ಬೇರೆ ಜಾಗಕ್ಕೆ ಸರಿಸಲು ಹೇಳಿದ ಪ್ರಸಂಗವನ್ನು ಹಿಡಿದು ಹಂಬಲಿ ಪಂಥದ ಕೆಲವರು ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಇನ್ನು ನಮ್ಮ ಗ್ರಾಮದೇವತೆಗಳಂತೂ ನಡೆದಾಡುವ ದೇವರುಗಳೇ. ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯ ಸಂಕ್ರಾಂತಿಗೆ ಪಲ್ಲಕ್ಕಿ ಏರಿ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೋಗಿ ಬರುತ್ತಾನೆ. ಸುರಪುರ ಸಂಸ್ಥಾನವೇ ಎದ್ದು ಬಂದು ನೆಲೆಸಿದ್ದು: 1705ರಲ್ಲಿ ಔರಂಗಜೇಬ ಖುದ್ದಾಗಿ ನಿಂತು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ ಮೇಲೆ ಬೇಡ ನಾಯಕರ ರಾಜಧಾನಿ ಸುರಪುರವಾಯಿತು. ಏಳುವುದು ಈ ನೆಲಕ್ಕೆ ಹೊಸದಲ್ಲ.

ಆದರೂ ಆ ಆಕ್ಷೇಪಣೆಯಲ್ಲಿ ಅಲ್ಲಗಳೆಯಲಾಗದ ಒಂದು ಅಂಶವಿದೆ, ಅದು ಕೂಡಲಸಂಗಮದಲ್ಲಿ ಎದುರಾಗುತ್ತದೆ. ಕೃಷ್ಣೆಗೆ ಮಲಪ್ರಭೆ ಕೂಡುವ ಈ ಜಾಗ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಬಸವಣ್ಣನವರು ಐಕ್ಯರಾದರೆಂದು ನಂಬುವ ಮಂಟಪ ಮುಳುಗುವುದಿತ್ತು. ಅದನ್ನು ಎತ್ತಿ ದಂಡೆಗೆ ತರಲಿಲ್ಲ. ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ದಂಡೆಯಿಂದ ಸೇತುವೆ ಹಾಕಿ, ಒಳಕ್ಕೆ ಮೆಟ್ಟಿಲಿಳಿಸಿದರು. ಹೊರಗೆ ನೀರು ತುಂಬಿ ನಿಂತಿರುವಾಗ ಒಳಗೆ ನೀರಿನ ಮಟ್ಟಕ್ಕಿಂತ ಕೆಳಗಿಳಿದು ಭಕ್ತರು ಕೈಮುಗಿಯುತ್ತಾರೆ. ಇದರಲ್ಲೊಂದು ವಿಪರ್ಯಾಸ ಕಾಣುವವರಿದ್ದಾರೆ. ದೇವರನ್ನು ಗುಡಿಯಿಂದ ಬಿಡಿಸಿ ಅಂಗೈಗೆ ತಂದವರು ಶರಣರು. ಇಷ್ಟಲಿಂಗಕ್ಕಿಂತ ಹಗುರವಾಗಿ ಸಾಗಿಸಬಹುದಾದ ಗರ್ಭಗುಡಿ ಯಾವ ಧರ್ಮದಲ್ಲೂ ಇರಲಾರದು. ಸ್ಥಾವರವನ್ನು ಒಪ್ಪದವರ ನೆನಪಿಗೆ ಇಷ್ಟು ದೊಡ್ಡ ಸ್ಥಾವರದ ರಕ್ಷಣೆ ಯಾಕೆ ಎಂದು ಕೇಳಬಹುದು. ಯಹೂದಿ ಕಟ್ಟಳೆ ಇಲ್ಲೂ ನೆರವಿಗೆ ಬರುತ್ತದೆ. ಸಿನಗಾಗನ್ನು ಮಾರಬಹುದು, ಬಿಡಬಹುದು. ಸ್ಮಶಾನವನ್ನು ಮಾರುವಂತಿಲ್ಲ, ಸರಿಸುವಂತಿಲ್ಲ. ಬೆಂಗಳೂರೇ ಇದಕ್ಕೆ ಸಾಕ್ಷಿ. ಅಲ್ಲಿನ ಬೆರಳೆಣಿಕೆಯ ಯಹೂದಿಗಳು ಹಿಂದೆ ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿ ರೂಬಿನ್ ಮೋಸೆಸ್ ಮನೆಯಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು, ಸಿನಗಾಗ್ ಕಟ್ಟಲೇ ಇಲ್ಲ. ಆದರೆ ಮೈಸೂರು ರಸ್ತೆಯಲ್ಲಿ ಮಹಾರಾಜರು ಕೊಟ್ಟ ನೆಲದಲ್ಲಿ 1904ರಿಂದ ಅವರದೊಂದು ಸ್ಮಶಾನವಿದೆ, ಇಂದಿಗೂ ಇದೆ. ಕೂಡುವ ಮನೆ ಬೇರೆ, ಹಿರಿಯರು ಮಲಗಿದ ನೆಲ ಬೇರೆ. ಐಕ್ಯಮಂಟಪ ಎರಡನೆಯ ಬಗೆಯದು. ಆದ್ದರಿಂದ ಅದಕ್ಕೆ ಗೋಡೆ ಕಟ್ಟಿದ್ದು ಸರಿ. ಹನುಮಪ್ಪನ ಗುಡಿಗೆ ಹಾಗೆ ಕಟ್ಟಬೇಕಿರಲಿಲ್ಲ ಎನ್ನುವುದೂ ಸರಿ. ನಮ್ಮ ಮುಳುಗಡೆಯ ಕಡತಗಳು ಈ ಎರಡನ್ನು ಬೇರ್ಪಡಿಸುವುದಿಲ್ಲ. ಹೂಳುವ ಪದ್ಧತಿಯ ಲಿಂಗಾಯತರ, ಮುಸ್ಲಿಮರ, ಅನೇಕ ದಲಿತ ಮನೆತನಗಳ ಹಿರಿಯರ ಗೋರಿ ಗದ್ದಿಗೆಗಳಿಗೆ ಹೊಸ ಊರಿನಲ್ಲಿ ಒಂದು ‘ಸ್ಮಶಾನದ ಜಾಗ’ ಕೊಟ್ಟರೆ ಅದು ಮುಂದೆ ಸಾಯುವವರಿಗಾಯಿತು. ಸತ್ತವರ ಲೆಕ್ಕ ನೀರಿನಡಿಯೇ ಉಳಿಯಿತು.

ಬೆಂಗಳೂರಿನ ಮಾತು ಬಂದಿದ್ದರಿಂದ ಮಂಗಳೂರಿನದೂ ಒಂದು. ಕ್ರಿಸ್ತಶಕ 1132ರಿಂದ 1149ರವರೆಗೆ, ಅಂದರೆ ಹೆಚ್ಚುಕಡಿಮೆ ಬಸವಣ್ಣನವರ ಬಾಲ್ಯ ಯೌವನದ ಕಾಲದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಇದ್ದುಕೊಂಡು ಮೆಣಸು, ಅಡಿಕೆ, ಕಂಚಿನ ಪಾತ್ರೆಗಳ ವ್ಯವಹಾರ ನಡೆಸಿದ. ಬೊಮ್ಮ ಎಂಬ ತುಳುನಾಡಿನ ಆಳು ಅವನ ಪರವಾಗಿ ಏಡನ್‌ವರೆಗೆ ಹೋಗಿ ಬರುತ್ತಿದ್ದ. ಇದು ನಮಗೆ ಗೊತ್ತಾದದ್ದು ಹೇಗೆ? ದೇವರ ಹೆಸರು ಬರೆದಿರಬಹುದಾದ ಹಾಳೆಯನ್ನು ಎಸೆಯಬಾರದು, ಸವೆದ ಗ್ರಂಥವನ್ನು ಸುಡಬಾರದು, ಕೂಡಿಟ್ಟು ಹೂಳಬೇಕು ಎಂಬ ಕಟ್ಟಳೆಯಿಂದ. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಹೂಳಲೂ ಪುರಸೊತ್ತಿಲ್ಲದೆ ಒಂದು ಕೋಣೆಯಲ್ಲಿ ಶತಮಾನಗಟ್ಟಲೆ ತುಂಬುತ್ತ ಹೋದ ಕಾಗದಗಳಲ್ಲಿ ಬೆನ್ ಯಿಜುವಿನ ಪತ್ರಗಳೂ ಇದ್ದವು. 1890ರ ಸುಮಾರಿಗೆ ಆ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಿದರೂ ಕಾಗದಗಳನ್ನು ಎಸೆಯಲಿಲ್ಲ. ಕಾದಂಬರಿಕಾರ ಅಮಿತಾವ್ ಘೋಷ್ ಆ ಪತ್ರಗಳ ಮೇಲೆ ಪುಸ್ತಕವನ್ನೇ ಬರೆದರು. ಮುಳುಗಡೆಯ ಊರಿನ ಗುಡಿಗಳಲ್ಲೂ ಕಾಗದಗಳಿದ್ದವು: ಜಾತ್ರೆಯ ವರಾಡದ ಪಟ್ಟಿ, ಪೂಜೆಯ ಸರದಿ, ಇನಾಂ ಹೊಲದ ಲೆಕ್ಕ. ಬಹುಶಃ ಯಾವ ಪರಿಹಾರದ ಪಟ್ಟಿಯಲ್ಲೂ ಅವಕ್ಕೊಂದು ಸಾಲು ಇರಲಿಲ್ಲ.

ಈಗ ಇನ್ನೂ ಗಟ್ಟಿಯಾದ ಆಕ್ಷೇಪಣೆ. ಮಂದಿಯೇ ಮುಖ್ಯ, ಅವರ ಕ್ರಮವೇ ಮುಖ್ಯ ಎಂದರೆ ಹಳೆಯ ಊರಿನ ಕ್ರಮದಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನೂ ಹೊತ್ತು ತರಬೇಕೆ? ಪಲ್ಲಕ್ಕಿಗೆ ಹೆಗಲು ಕೊಡುವವರು, ಮೊದಲ ಉಡಿ ತುಂಬುವವರು, ಹಲಗೆ ಬಾರಿಸಿಯೂ ಹೊಸ್ತಿಲು ದಾಟದವರು, ಎಲ್ಲವೂ ಆ ಕ್ರಮದ ಒಳಗೇ ಇತ್ತು. ಇದು ಬರೀ ನಮ್ಮ ರೋಗವೂ ಅಲ್ಲ. ಕೊಚ್ಚಿಯ ಪರದೇಶಿ ಸಿನಗಾಗಿನಲ್ಲಿ, ಹಿಂದೆ ಜೀತದಲ್ಲಿದ್ದು ಬಿಡುಗಡೆಯಾದವರ ಸಂತತಿಯೆಂದು ಎಣಿಸಲಾದ ಯಹೂದಿಗಳಿಗೆ ಒಳಗೆ ಕೂರುವ ಹಕ್ಕಿರಲಿಲ್ಲ. ಅವರಲ್ಲೊಬ್ಬರಾದ ವಕೀಲ ಎ. ಬಿ. ಸೇಲಂ 20ನೇ ಶತಮಾನದ ಮೊದಲರ್ಧದಲ್ಲಿ ಸತ್ಯಾಗ್ರಹದ ದಾರಿ ಹಿಡಿದು, ವರ್ಷಗಟ್ಟಲೆ ಪಟ್ಟುಬಿಡದೆ ಆ ಬಾಗಿಲು ತೆರೆಸಿದರು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದರು. ಬಾಗಿಲು ತೆರೆಸಲು ಅವರಿಗೆ ಹೊಸ ಕಟ್ಟಡ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ಹೊಸ ಕಟ್ಟಡ ಬಂದೊಡನೆ ಬಾಗಿಲು ತಾನಾಗಿ ತೆರೆಯುವುದೂ ಇಲ್ಲ. ಹೊಸ ಊರಿನ ನೆಟ್ಟಗಿನ ರಸ್ತೆಗಳಲ್ಲೂ ಹಳೆಯ ಓಣಿಗಳು ಹಾಗೆಯೇ ಎದ್ದು ನಿಲ್ಲಬಲ್ಲವು. ಆದರೆ ಸ್ಥಳಾಂತರದಲ್ಲಿ ಒಂದು ಅವಕಾಶವಿದೆ: ಎಲ್ಲ ಹಕ್ಕುಗಳನ್ನೂ ಒಮ್ಮೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹಳೆಯ ಗುಡಿಯಲ್ಲಿ ಸುಮ್ಮನೆ ನಡೆದುಬರುತ್ತಿದ್ದದ್ದು ಹೊಸ ಗುಡಿಯ ಪ್ರತಿಷ್ಠಾಪನೆಯ ಮುಂಚಿನ ಸಭೆಯಲ್ಲಿ ಚರ್ಚೆಗೆ ಬರುತ್ತದೆ. ಏಣಿ ಹತ್ತಬಹುದು, ಇಳಿಯಬಾರದು ಎಂಬ ಮಿಶ್ನಾದ ಕಟ್ಟಳೆಯನ್ನು ಬಾಗಿಲಿನ ವಿಷಯಕ್ಕೂ ಹಚ್ಚಿದರೆ, ಹೊಸ ಹೊಸ್ತಿಲು ಹಳೆಯದಕ್ಕಿಂತ ಅಗಲವಾಗಲೇಬೇಕು. ಮಿಶ್ನಾದ ಪಂಡಿತರು ಇದನ್ನು ಹೇಳಿಲ್ಲ, ನಾವು ಹೇಳಿಕೊಳ್ಳಬೇಕು.

ಕೊನೆಯ ಆಕ್ಷೇಪಣೆ ಮುಳುಗಡೆಯವರದೇ. ದೇವರು ಸಾಗಿಸಬಹುದಾದವನು, ಕಲ್ಲಿಗಿಂತ ಮಂದಿ ದೊಡ್ಡವರು ಎಂದೆಲ್ಲ ಬರೆಯುವುದು ಕೆಳಗೆ ಕೂತು ಕಾಲುವೆ ನೀರು ಕುಡಿಯುವವರಿಗೆ ಸುಲಭ. ಇಂಥ ಮಾತಿನಿಂದ ಅನುಕೂಲವಾಗುವುದು ಅಣೆಕಟ್ಟು ಕಟ್ಟುವವರಿಗೆ. ಈ ಅನುಮಾನ ನ್ಯಾಯವಾದದ್ದೇ, ಆದರೆ ವಾದ ನಿಜಕ್ಕೂ ಅತ್ತ ವಾಲುವುದಿಲ್ಲ. ಗುಡಿಯನ್ನು ಕಟ್ಟಡವೆಂದು ಎಣಿಸಿದರೆ ಸರ್ಕಾರದ ಕೆಲಸ ಹಗುರ, ಒಂದು ಚೆಕ್ಕಿನಲ್ಲಿ ಮುಗಿಯುತ್ತದೆ. ಮಂದಿಯೆಂದು ಎಣಿಸಿದರೆ ಭಾರ. ಒಂದು ಗುಡಿಗೆ ನಡೆದುಕೊಳ್ಳುವ ಓಣಿಯನ್ನು ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚುವಂತಿಲ್ಲ, ಪರಿಹಾರದ ದುಡ್ಡು ಹಿಡಿದು ಮಂದಿ ಚದುರಿಹೋಗುವ ಮೊದಲೇ ನಿವೇಶನ ಸಿದ್ಧವಿರಬೇಕು, ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಹೊತ್ತಿನ ಖಾಲಿಯೂ ಬೀಳಬಾರದು. ಪರಿಹಾರ ಕೊಟ್ಟಾಗಿದೆ, ಇಟ್ಟಿಗೆ ಬಂದು ಬಿದ್ದಿದೆ ಎಂಬ ಎರಡೂ ಸಮಜಾಯಿಷಿಗಳನ್ನು ತಾಲ್ಮುದ್ ಮೊದಲೇ ಕೇಳಿಸಿಕೊಂಡು ತಳ್ಳಿಹಾಕಿದೆ.

ನಮ್ಮ ಕಾನೂನು ತಡವಾಗಿಯಾದರೂ ಇದೇ ದಿಕ್ಕಿಗೆ ಬಂದಿದೆ. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಹೊಸ ಊರಿಗೆ ಕೊಡಲೇಬೇಕಾದ ಸೌಲಭ್ಯಗಳ ಪಟ್ಟಿಯಿದೆ. ರಸ್ತೆ, ಚರಂಡಿ, ದನಕ್ಕೆ ಕುಡಿಯುವ ನೀರು ಇವುಗಳ ಜೊತೆ ಪ್ರತಿ ಐವತ್ತು ಕುಟುಂಬಕ್ಕೆ ಪೂಜಾಸ್ಥಳ, ಕೂಡಿ ಕೂರಲು ಗಿಡದ ಕಟ್ಟೆ ಎಂದೂ ಬರೆದಿದ್ದಾರೆ. ಪೂಜಾಸ್ಥಳವನ್ನೂ ಕಟ್ಟೆಯನ್ನೂ ಒಂದೇ ಸಾಲಿನಲ್ಲಿ ಇಟ್ಟವರು ಯಾರೋ ಹಳ್ಳಿ ಬಲ್ಲವರೇ ಇರಬೇಕು. ನೀರಾವರಿ ಯೋಜನೆಗಳಲ್ಲಿ ಮುಳುಗಡೆಗೆ ಆರು ತಿಂಗಳು ಮುಂಚೆ ಪುನರ್ವಸತಿ ಪೂರ್ಣವಾಗಿರಬೇಕೆಂಬ ಷರತ್ತೂ ಅದೇ ಕಾಯ್ದೆಯಲ್ಲಿದೆ. ಇದು ಮುಂದಿನ ದಿನಗಳ ಮಾತು. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 2010ರ ತೀರ್ಪು ಒಪ್ಪಿದೆ. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತ ಮುಂದುವರಿದರೆ ಬಾಗಲಕೋಟೆ, ವಿಜಯಪುರದ ಕಡೆ ಇನ್ನಷ್ಟು ಊರುಗಳು ಏಳಬೇಕು. ಅದರ ನೀರಿನಲ್ಲಿ ಯಾದಗಿರಿ ಜಿಲ್ಲೆಯ ಹೊಲಗಳಿಗೂ ಪಾಲಿದೆ. ಆದ್ದರಿಂದ ಆ ಆರು ತಿಂಗಳ ಷರತ್ತಿನಲ್ಲಿ ‘ಪೂರ್ಣ’ ಎಂದರೆ ಏನೆಂದು ಕೇಳುವ ಹೊಣೆ ಮೇಲಿನವರದಷ್ಟೇ ಅಲ್ಲ, ಸುರಪುರ ಶಹಾಪುರದವರದೂ ಹೌದು. ಗುಡಿಗೆ ಕಳಸ ಏರಿಸಿ, ಮಸೂತಿಗೆ ಸುಣ್ಣ ಬಳಿದು, ಫೋಟೋ ತೆಗೆದು ಕಡತಕ್ಕೆ ಹಚ್ಚಿದರೆ ಸಾಲದು. ಹೊಸ ಜಾಗದಲ್ಲಿ ಒಂದು ಜಾತ್ರೆ ನಡೆದಿರಬೇಕು, ಒಂದು ಮೊಹರಂ ಕಳೆದಿರಬೇಕು, ಆ ಮಳೆಗಾಲಕ್ಕೆ ಸೂರು ಸೋರದಿರಬೇಕು. ಗೇಟು ಇಳಿಸುವುದು ಅದಾದ ಮೇಲೆ.